ಮುಗಿಯದ ಅಜ್ಞಾತವಾಸ



ಇವತ್ತಿನ ನನ್ನ ಮಾತು ಸೂಪರ್‌ಹೀರೊ ಸಿನಿಮಾಗಳ ಬಗ್ಗೆ. ಬೆನ್ನಿಗೆ ಕೆಂಪು ಬಟ್ಟೆ ಇಳಿಬಿಟ್ಟುಕೊಂಡು ಹಾರುವವರು, ಬಲೆಯ ಎಳೆ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ಜೀಕುವವರು, ಲೋಹದ ಕವಚ ತೊಟ್ಟು ಗುಡುಗುವವರು, ನಿಮ್ಮ ಮನೆಯ ಮಕ್ಕಳ ಸ್ಕೂಲ್ ಬ್ಯಾಗಿನ ಮೇಲೆ ದಿನವೂ ಕಾಣಿಸುವವರು. ಕಣ್ಣಿಗೆಂದೇ ತಯಾರಾದ ಈ ಚಿತ್ರಗಳ ಬಗ್ಗೆ ಬರೀ ಕಿವಿಗೆ ತಲುಪುವ ಬಾನುಲಿಯಲ್ಲಿ ಮಾತಾಡುವುದು ಸ್ವಲ್ಪ ವಿಚಿತ್ರವೇ. ಆದರೆ ಇವರ ಚರಿತ್ರೆಯಲ್ಲಿ ರೇಡಿಯೊಗೂ ಒಂದು ಪಾಲಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಪದವಿ ಕಾಲೇಜಿನಲ್ಲಿ ಮಾಧ್ಯಮ ಅಧ್ಯಯನ ಪಾಠ ಮಾಡುವವನು. ಸಿನಿಮಾ ಪ್ರಕಾರಗಳ ಪಾಠ ಬಂದಾಗ ಈ ಚಿತ್ರಗಳನ್ನೇ ಎತ್ತಿಕೊಳ್ಳುತ್ತೇನೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, “ಅಲ್ರೀ ಮೇಷ್ಟ್ರೇ, ಹುಡುಗರು ಮನೇಲಿ ನೋಡಿ ಬೈಸಿಕೊಳ್ಳೋದನ್ನ ನೀವು ಕ್ಲಾಸಲ್ಲಿ ತೋರಿಸಿ ಸಂಬಳ ತಗೋತೀರಲ್ಲ!” ಎಂದರು. ಎಲ್ಲರೂ ನಕ್ಕೆವು. ಆದರೂ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆವತ್ತು ಕೊಡದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪ್ರಕಾರ ಅಂದರೇನು? ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಇದನ್ನು ಯಕ್ಷಗಾನದ ರಂಗಸ್ಥಳ ಹೇಳುತ್ತದೆ. ಚೆಂಡೆಯ ಪೆಟ್ಟು ಬದಲಾದರೆ ಸಾಕು, ಬಣ್ಣದ ವೇಷ ಬರುತ್ತಿದೆ ಎಂದು ಮುಂದಿನ ಸಾಲಿನಲ್ಲಿ ತೂಕಡಿಸುತ್ತಾ ಕೂತ ಮಗುವಿಗೂ ಗೊತ್ತಾಗುತ್ತದೆ. ತೆರೆ ಸರಿಯುವ ಮೊದಲೇ ರಕ್ಕಸ ನೋಡುವವರ ಮನಸ್ಸಿಗೆ ಬಂದಿರುತ್ತಾನೆ. ಆಡುವವರಿಗೂ ನೋಡುವವರಿಗೂ ನಡುವೆ ಯಾರೂ ಬರೆದಿಡದ ಇಂಥದೊಂದು ಒಪ್ಪಂದ ಇರುತ್ತದಲ್ಲ, ಅದಕ್ಕೆ ಪ್ರಕಾರ ಎನ್ನುತ್ತೇವೆ. ಪ್ರಕಾರದ ಜೀವ ಇರುವುದು ಪುನರಾವರ್ತನೆ ಮತ್ತು ವ್ಯತ್ಯಾಸ ಎರಡರಲ್ಲೂ ಎಂದು ಬ್ರಿಟನ್ನಿನ ವಿದ್ವಾಂಸ ಸ್ಟೀವ್ ನೀಲ್ 1980ರಲ್ಲಿ ವಾದಿಸಿದರು. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ದಿನವೂ ಅದೇ ಸಾರು ಬೇಕು, ಆದರೆ ನಿನ್ನೆಯ ಸಾರು ಬೇಡ.

ಪಾಠದ ಮೊದಲ ದಿನ ನಾನು ಪ್ರೊಜೆಕ್ಟರಿನ ಮುಂದೆ ರಟ್ಟು ಹಿಡಿದು ಸದ್ದನ್ನಷ್ಟೇ ಕೇಳಿಸುತ್ತೇನೆ. 1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಚಿತ್ರದ ಆರಂಭ. ಜಾನ್ ವಿಲಿಯಮ್ಸ್ ಅವರ ಸಂಗೀತದಲ್ಲಿ ಕಹಳೆಗಳು ಮೊದಲು ಮೆಲ್ಲಗೆ, ಆಮೇಲೆ ಪೂರ್ತಿ ದನಿಯಲ್ಲಿ ಏಳುತ್ತವೆ. ಈ ಹುಡುಗರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬಂದ ಸಿನಿಮಾ ಅದು. ಆದರೂ ಅರ್ಧ ನಿಮಿಷದಲ್ಲಿ ತರಗತಿ ಒಕ್ಕೊರಲಿನಿಂದ “ಸೂಪರ್‌ಹೀರೊ!” ಎನ್ನುತ್ತದೆ. “ಹೇಗೆ ಗೊತ್ತಾಯಿತು?” ಎಂದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಗೊತ್ತಿದೆ, ಆದರೆ ಹೇಗೆ ಗೊತ್ತೆಂಬುದು ಗೊತ್ತಿಲ್ಲ. ನಮ್ಮ ಪಾಠ ಅಲ್ಲಿಂದ ಹೊರಡುತ್ತದೆ.

ಆಮೇಲೆ ಬೋರ್ಡಿನ ಮೇಲೆ ಪಟ್ಟಿ. ವಿಶೇಷ ಶಕ್ತಿ, ವಿಶೇಷ ಉಡುಪು, ಮುಖವಾಡ, ಎದೆಯ ಮೇಲೊಂದು ಚಿಹ್ನೆ, ಅಪ್ಪ ಅಮ್ಮ ಇಲ್ಲದ ಬಾಲ್ಯ, ದೊಡ್ಡ ನಗರ, ಅದನ್ನು ಒಡೆದು ಹಾಕಲು ಹೊರಟ ಖಳ. ಹತ್ತು ನಿಮಿಷದಲ್ಲಿ ಬೋರ್ಡು ತುಂಬುತ್ತದೆ. ಅಮೆರಿಕದ ಪೀಟರ್ ಕೂಗನ್ ಎಂಬ ವಿದ್ವಾಂಸರು 2006ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಮೂರು ಮಾತಿಗೆ ಇಳಿಸಿದ್ದಾರೆ: ಗುರಿ, ಶಕ್ತಿ, ಗುರುತು. ಪರರ ಒಳಿತಿಗಾಗಿ ಹೋರಾಡುವ ಗುರಿ, ಸಾಮಾನ್ಯರಿಗಿಲ್ಲದ ಶಕ್ತಿ, ಹೆಸರು ಮತ್ತು ಉಡುಪಿನಲ್ಲಿ ಎದ್ದು ಕಾಣುವ ಗುರುತು. ಹಾಗಾದರೆ ಬ್ಯಾಟ್‌ಮ್ಯಾನ್? ಅವನಿಗಿರುವುದು ದುಡ್ಡು ಮತ್ತು ಹಟ. ಹಾರಲು ಬರುವುದಿಲ್ಲ, ಗುಂಡು ತಾಗಿದರೆ ರಕ್ತ ಬರುತ್ತದೆ. ಆದರೂ ಅವನನ್ನು ಪಟ್ಟಿಯಿಂದ ಹೊರಗಿಡಲು ಒಬ್ಬರೂ ಒಪ್ಪುವುದಿಲ್ಲ. ಮೂರರಲ್ಲಿ ಒಂದು ಸಡಿಲವಾದರೆ ಉಳಿದೆರಡು ಬಿಗಿಯಾಗಿ ಹಿಡಿದುಕೊಳ್ಳುತ್ತವೆ ಎಂದು ಅವರೇ ಕಂಡುಕೊಳ್ಳುತ್ತಾರೆ.

ಪ್ರತಿವರ್ಷವೂ ಯಾರಾದರೊಬ್ಬರು ಎದ್ದುನಿಂತು, “ಸರ್, ಮೊದಲನೇ ಸೂಪರ್‌ಹೀರೊ ಹನುಮಂತ ಅಲ್ವಾ?” ಎಂದು ಕೇಳುವುದುಂಟು. ಕ್ಲಾಸು ಚಪ್ಪಾಳೆ ತಟ್ಟುತ್ತದೆ. ನಾನು ಅದನ್ನು ತಳ್ಳಿಹಾಕುವುದಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಒಂದು ವರ್ಷ ಇದಕ್ಕೆ ಉತ್ತರ ಕೊಟ್ಟವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. “ಸರ್, ಹನುಮಂತನಿಗಿಂತ ವಿರಾಟನಗರದ ಭೀಮ ಹತ್ತಿರ” ಎಂದಳು. “ಅಡುಗೆಭಟ್ಟನಾಗಿ ಹೆಸರು ಬದಲಾಯಿಸಿಕೊಂಡು ಇರ್ತಾನೆ. ಕೀಚಕನನ್ನು ಕೊಲ್ಲಲೇಬೇಕು, ಆದರೆ ತಾನು ಭೀಮ ಅಂತ ಯಾರಿಗೂ ಗೊತ್ತಾಗಬಾರದು. ಕ್ಲಾರ್ಕ್ ಕೆಂಟಿನ ಪೀಕಲಾಟವೂ ಇದೇ ತಾನೆ?”

ನಾನು ಬೆರಗಾಗಿ ನಿಂತೆ. ಪಾಂಡವರು ಆಯುಧಗಳನ್ನು ಶಮೀವೃಕ್ಷದಲ್ಲಿ ಕಟ್ಟಿಟ್ಟು ಊರೊಳಕ್ಕೆ ಬಂದರು. ಪತ್ರಿಕೆಯ ವರದಿಗಾರ ಕ್ಲಾರ್ಕ್ ಕೆಂಟ್ ಆಗಿ ಬದುಕುವ ಸೂಪರ್‌ಮ್ಯಾನ್ ಶಮೀವೃಕ್ಷವನ್ನು ಅಂಗಿಯೊಳಗೇ ಇಟ್ಟುಕೊಂಡು ಓಡಾಡುತ್ತಾನೆ. ಗುಂಡಿ ಬಿಚ್ಚಿದರೆ ಎದೆಯ ಮೇಲೆ ಚಿಹ್ನೆ. “ಸರಿಯಮ್ಮ, ವ್ಯತ್ಯಾಸ ಏನು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅವಳೆಂದಳು: “ಪಾಂಡವರದು ಒಂದೇ ವರ್ಷ ಸರ್. ಇವನದು ಮುಗಿಯೋದೇ ಇಲ್ಲ.”

ಯಾಕೆ ಮುಗಿಯುವುದಿಲ್ಲ? ಈ ಪ್ರಶ್ನೆಯ ಜಾಡು ಹಿಡಿದರೆ ಇಡೀ ಪ್ರಕಾರ ಬಿಚ್ಚಿಕೊಳ್ಳುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ಗೆಳೆಯರಿದ್ದರು. ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬದವರು. ಒಬ್ಬ ಕಥೆ ಬರೆಯುತ್ತಿದ್ದ, ಇನ್ನೊಬ್ಬ ಚಿತ್ರ ಬಿಡಿಸುತ್ತಿದ್ದ. 1930ರ ದಶಕ, ಮಹಾ ಆರ್ಥಿಕ ಕುಸಿತದ ಕಾಲ. ಅವರು ಸೃಷ್ಟಿಸಿದ ಸೂಪರ್‌ಮ್ಯಾನ್ ಹಲವು ಕಡೆ ತಿರಸ್ಕೃತನಾಗಿ, ಕೊನೆಗೆ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ. ಅವನ ಮೇಲಿನ ಹಕ್ಕುಗಳಿಗೆ ಪ್ರಕಾಶಕರು ಕೊಟ್ಟದ್ದು 130 ಡಾಲರ್. ಬೇರೆ ಕೆಲಸದ ಹಣವನ್ನೂ ಸೇರಿಸಿ 412 ಡಾಲರಿನ ಒಂದು ಚೆಕ್ಕು ಬರೆದರು. ಇಬ್ಬರಿಗೂ ಆಗ 23 ವರ್ಷ. ಅಲ್ಲಿಂದಾಚೆಗೆ ಸೂಪರ್‌ಮ್ಯಾನ್ ಅವರವನಾಗಿ ಉಳಿಯಲಿಲ್ಲ. ಕಂಪನಿಯ ಆಸ್ತಿಯಾದ.

ಹನುಮಂತನ ಪ್ರಶ್ನೆಗೆ ನಾನು ಕೊಡುವ ಉತ್ತರವೂ ಇಲ್ಲೇ ಇದೆ. ಹನುಮಂತನ ಕಥೆಯನ್ನು ವಾಲ್ಮೀಕಿ ಹೇಳಬಹುದು, ಹರಿಕಥೆ ದಾಸರು ಹೇಳಬಹುದು, ನಿಮ್ಮ ಅಜ್ಜಿ ಹೇಳಬಹುದು. ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದು ಕುಮಾರವ್ಯಾಸ ನಗೆಯಾಡುವಷ್ಟು ಕವಿಗಳು ಅದನ್ನು ಹೇಳಿದರು. ಸೂಪರ್‌ಮ್ಯಾನ್ ಕಥೆಯನ್ನು ಹಾಗೆ ಹೇಳಹೊರಟರೆ ವಕೀಲರ ನೋಟಿಸು ಬರುತ್ತದೆ. ಪುರಾಣಪುರುಷನಿಗೆ ಭಕ್ತರಿದ್ದಾರೆ, ಸೂಪರ್‌ಹೀರೊಗೆ ಒಡೆಯರಿದ್ದಾರೆ. ಆಸ್ತಿ ಫಲ ಕೊಡುತ್ತಲೇ ಇರಬೇಕಾದರೆ ಕಥೆ ಮುಗಿಯಬಾರದು. ಅಜ್ಞಾತವಾಸ ಮುಗಿಯದಿರುವುದಕ್ಕೆ ಇದು ಮೊದಲ ಕಾರಣ.

ಈಗ ರೇಡಿಯೊ ಮಾತು. 1940ರಲ್ಲಿ ಸೂಪರ್‌ಮ್ಯಾನ್ ಅಮೆರಿಕದ ಬಾನುಲಿಗೆ ಧಾರಾವಾಹಿಯಾಗಿ ಬಂದ. ಉಡುಪು ಕಾಣದ ಮಾಧ್ಯಮದಲ್ಲಿ ವೇಷ ಬದಲಾಗುವುದನ್ನು ತೋರಿಸುವುದು ಹೇಗೆ? ಬಡ್ ಕಾಲಿಯರ್ ಎಂಬ ನಟ ಕ್ಲಾರ್ಕ್ ಕೆಂಟನಾಗಿ ತೆಳ್ಳಗಿನ ದನಿಯಲ್ಲಿ ಮಾತು ಶುರು ಮಾಡಿ, ಅದೇ ಮಾತು ಮುಗಿಯುವಷ್ಟರಲ್ಲಿ ದನಿಯನ್ನು ಹೊಟ್ಟೆಯ ಆಳಕ್ಕೆ ಇಳಿಸಿ ಸೂಪರ್‌ಮ್ಯಾನ್ ಆಗಿಬಿಡುತ್ತಿದ್ದ. ಮೊದಲ ಕಾಮಿಕ್ಸ್‌ಗಳಲ್ಲಿ ಸೂಪರ್‌ಮ್ಯಾನ್ ನೆಗೆಯುತ್ತಿದ್ದನೇ ಹೊರತು ಹಾರುತ್ತಿರಲಿಲ್ಲ. ಹಾರಾಟ ಅವನಿಗೆ ಅಂಟಿಕೊಂಡದ್ದರಲ್ಲಿ ರೇಡಿಯೊದ ಪಾತ್ರವೂ ಇದೆ, ಆಮೇಲೆ ಬಂದ ಅನಿಮೇಷನ್ ಚಿತ್ರಗಳ ಪಾತ್ರವೂ ಇದೆ. ಅವನ ಬಲವನ್ನು ಉಡುಗಿಸುವ ಕ್ರಿಪ್ಟೊನೈಟ್ ಎಂಬ ಕಲ್ಲಂತೂ ಹುಟ್ಟಿದ್ದೇ ರೇಡಿಯೊದಲ್ಲಿ, 1943ರಲ್ಲಿ. ಕಾಮಿಕ್ಸಿಗೆ ಅದು ಬಂದದ್ದು 1949ಕ್ಕೆ. 1946ರಲ್ಲಿ ಇದೇ ಧಾರಾವಾಹಿ ಮುಸುಕು ಹಾಕಿಕೊಂಡು ಜನಾಂಗದ್ವೇಷ ಹರಡುವ ಗುಂಪೊಂದನ್ನು ಖಳನನ್ನಾಗಿ ಮಾಡಿತು. ಅದು ಕು ಕ್ಲಕ್ಸ್ ಕ್ಲಾನ್ ಎಂದು ಕೇಳುವವರಿಗೆಲ್ಲ ಅರ್ಥವಾಗುವಂತಿತ್ತು. ಒಂದು ಪ್ರಕಾರ ಒಂದೇ ಮಾಧ್ಯಮದಲ್ಲಿ ಬೆಳೆಯುವುದಿಲ್ಲ, ಹಲವು ಮನೆಗಳ ಉಪ್ಪು ತಿಂದು ದೊಡ್ಡದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯ ಕಾರಣ ಕಥೆಯ ಕಾಲದಲ್ಲಿದೆ. ಇಟಲಿಯ ಲೇಖಕ ಉಂಬೆರ್ತೊ ಎಕೊ 1962ರಲ್ಲಿ ಸೂಪರ್‌ಮ್ಯಾನ್ ಬಗ್ಗೆ ಒಂದು ಪ್ರಬಂಧ ಬರೆದರು. ತರಗತಿಯಲ್ಲಿ ನಾನು ತಪ್ಪದೆ ಓದಿಸುವ ಬರಹ ಅದು. ಅವರ ವಾದ ಹೀಗೆ: ಪುರಾಣದ ನಾಯಕನ ಕಥೆ ಮೊದಲೇ ಮುಗಿದಿದೆ, ಎಲ್ಲರಿಗೂ ಗೊತ್ತಿದೆ. ಕಾದಂಬರಿಯ ನಾಯಕ ನಮ್ಮ ಕಣ್ಣೆದುರು ಬದಲಾಗುತ್ತಾನೆ, ಮುದುಕನಾಗುತ್ತಾನೆ, ಸವೆಯುತ್ತಾನೆ. ಸೂಪರ್‌ಮ್ಯಾನ್ ಎರಡೂ ಆಗಬೇಕು. ವಾರವಾರವೂ ಹೊಸತೇನಾದರೂ ನಡೆಯಬೇಕು, ಆದರೆ ಅವನು ಒಂದು ಹೆಜ್ಜೆಯೂ ಸಾವಿನ ಕಡೆಗೆ ಸರಿಯಬಾರದು. ಹಾಗಾಗಿ ಆ ಕಥೆಗಳಲ್ಲಿ ಕಾಲ ಕನಸಿನಂತೆ ಕದಡಿಹೋಗಿರುತ್ತದೆ. ಎಕೊ ಇನ್ನೊಂದು ಮಾತನ್ನೂ ಕೇಳುತ್ತಾರೆ. ಇಷ್ಟೊಂದು ಬಲವಿರುವವನು ಲೋಕದ ಹಸಿವನ್ನೇ ನೀಗಿಸಬಹುದಲ್ಲ, ಬರೀ ಬ್ಯಾಂಕ್ ಕಳ್ಳರನ್ನು ಏಕೆ ಹಿಡಿಯುತ್ತಾನೆ? ತಮಾಷೆಯೆಂದರೆ, 1938ರ ಮೊದಲ ಸೂಪರ್‌ಮ್ಯಾನ್ ಹಾಗಿರಲಿಲ್ಲ. ಹೆಂಡತಿಗೆ ಹೊಡೆಯುವವನನ್ನು ಗೋಡೆಗೆ ಎಸೆದ, ಲಂಚಕೋರ ರಾಜಕಾರಣದ ಬೆನ್ನು ಹತ್ತಿದ, ಕೂಲಿಗಳ ಜೀವಕ್ಕೆ ಬೆಲೆ ಕೊಡದ ಗಣಿ ಮಾಲೀಕನಿಗೆ ಗಣಿಯ ಒಳಗೇ ಪಾಠ ಕಲಿಸಿದ. ಆಸ್ತಿಯ ಬೆಲೆ ಏರಿದಂತೆ ಅವನ ಕೋಪ ಇಳಿಯಿತು.

ಇನ್ನು ಸಿನಿಮಾ. ರಿಕ್ ಆಲ್ಟ್‌ಮನ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಾರವನ್ನು ಭಾಷೆಗೆ ಹೋಲಿಸಿದರು. ಕುದುರೆ, ಕೋವಿ, ಮುಖವಾಡ ಇವೆಲ್ಲ ಪದಗಳಿದ್ದಂತೆ. ಅವುಗಳನ್ನು ಜೋಡಿಸುವ ಬಗೆ ವ್ಯಾಕರಣವಿದ್ದಂತೆ. ಐರನ್ ಮ್ಯಾನ್‌ನನ್ನೇ ನೋಡಿ. 1963ರ ಕಾಮಿಕ್ಸ್‌ನಲ್ಲಿ ಆಯುಧ ತಯಾರಕ ಟೋನಿ ಸ್ಟಾರ್ಕ್ ಗಾಯಗೊಂಡು ಸೆರೆಯಾಗುವುದು ವಿಯೆಟ್ನಾಮಿನಲ್ಲಿ. 2008ರ ಚಿತ್ರದಲ್ಲಿ ಅದೇ ಘಟನೆ ಅಫ್ಘಾನಿಸ್ತಾನದಲ್ಲಿ. ಯುದ್ಧ ಬದಲಾಯಿತು, ಶತ್ರು ಬದಲಾದ. ಆಯುಧ ಮಾರುವವನ ಎದೆಗೇ ಆಯುಧ ನಾಟಿ, ಆ ಗಾಯದಿಂದಲೇ ಅವನು ಹೊಸ ಹೃದಯ ಮಾಡಿಕೊಳ್ಳುವ ವ್ಯಾಕರಣ ಉಳಿಯಿತು. ಮಕ್ಕಳಿಗೆ ನಾನು ಕೊಡುವ ಮನೆಗೆಲಸ ಇದು: ಪದ ಬದಲಾದ ಜಾಗದಲ್ಲಿ ಬೆರಳಿಡಿ, ಆ ಕಾಲದಲ್ಲಿ ಆ ದೇಶಕ್ಕೆ ಯಾವುದರ ಭಯವಿತ್ತು ಎಂದು ತಿಳಿಯುತ್ತದೆ. 2001ರಲ್ಲಿ ‘ಸ್ಪೈಡರ್‌ಮ್ಯಾನ್’ ಚಿತ್ರದ ಟೀಸರೊಂದು ಹೊರಬಂದಿತ್ತು. ಬ್ಯಾಂಕ್ ದರೋಡೆಕೋರರ ಹೆಲಿಕಾಪ್ಟರು ನ್ಯೂಯಾರ್ಕಿನ ಅವಳಿ ಗೋಪುರಗಳ ನಡುವೆ ಹೆಣೆದ ಬಲೆಗೆ ಸಿಕ್ಕಿಬೀಳುತ್ತದೆ. ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಮರುವರ್ಷ ಬಿಡುಗಡೆಯಾದ ಚಿತ್ರಕ್ಕೆ ಮೊದಲ ವಾರಾಂತ್ಯದಲ್ಲೇ ಅಮೆರಿಕದಲ್ಲಿ 10 ಕೋಟಿ ಡಾಲರಿಗೂ ಹೆಚ್ಚು ಗಳಿಕೆ ಬಂತು. ಅದುವರೆಗೆ ಯಾವ ಚಿತ್ರಕ್ಕೂ ಅಷ್ಟು ಬಂದಿರಲಿಲ್ಲ. ಗಾಯಗೊಂಡ ನಗರಕ್ಕೆ ಕಾಯುವವನೊಬ್ಬ ಬೇಕಾಗಿದ್ದ.

ವಿದ್ಯಾರ್ಥಿಗಳು ತುಂಬಾ ಇಷ್ಟಪಡುವ ಒಂದು ಒಗಟನ್ನು ಈಗ ನಿಮಗೂ ಹೇಳುತ್ತೇನೆ. ಕ್ವಿಕ್‌ಸಿಲ್ವರ್ ಎಂಬ ಮಿಂಚಿನ ಓಟಗಾರನಿದ್ದಾನೆ. 2014ರ ಎಕ್ಸ್-ಮೆನ್ ಚಿತ್ರದಲ್ಲಿ ಅವನನ್ನು ಇವಾನ್ ಪೀಟರ್ಸ್ ಆಡಿದರು. 2015ರ ಅವೆಂಜರ್ಸ್ ಚಿತ್ರದಲ್ಲಿ ಅದೇ ಪಾತ್ರವನ್ನು ಆ್ಯರನ್ ಟೇಲರ್-ಜಾನ್ಸನ್ ಆಡಿದರು. ಒಂದು ಪಾತ್ರ, ಒಂದು ವರ್ಷದ ಅಂತರ, ಇಬ್ಬರು ನಟರು, ಒಂದು ಚಿತ್ರದಲ್ಲಿ ನಡೆದದ್ದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಏಕೆ? ಕಥೆಯೊಳಗೆ ಎಷ್ಟು ತಡಕಾಡಿದರೂ ಕಾರಣ ಸಿಗದು. ಅದು ಕರಾರುಪತ್ರದಲ್ಲಿದೆ. 1990ರ ದಶಕದಲ್ಲಿ ದಿವಾಳಿಗೂ ಇಳಿದ ಮಾರ್ವೆಲ್ ಕಂಪನಿ ಆ ದಶಕದಲ್ಲೇ ತನ್ನ ಪಾತ್ರಗಳ ಚಿತ್ರ ಹಕ್ಕುಗಳನ್ನು ಒಂದೊಂದಾಗಿ ಮಾರಿತು. ಎಕ್ಸ್-ಮೆನ್ ಫಾಕ್ಸ್ ಸಂಸ್ಥೆಗೆ ಹೋಯಿತು, ಸ್ಪೈಡರ್‌ಮ್ಯಾನ್ ಸೋನಿಗೆ. ಕ್ವಿಕ್‌ಸಿಲ್ವರ್ ಎರಡೂ ಕಡೆಯ ಪಾಲಿಗೆ ಬಂದ ಹಿತ್ತಲಿನ ಬಾವಿ. 2015ರ ಚಿತ್ರದಲ್ಲಿ ಅವನನ್ನು ಎಕ್ಸ್-ಮೆನ್‌ಗಳಂತೆ ‘ಮ್ಯೂಟಂಟ್’ ಎಂದು ಕರೆಯುವುದಿಲ್ಲ, ಆ ಪದ ಆಗ ಫಾಕ್ಸ್ ಮನೆಯದು. 2019ರಲ್ಲಿ ಡಿಸ್ನಿ ಸಂಸ್ಥೆ ಫಾಕ್ಸ್ ಚಿತ್ರಸಂಸ್ಥೆಯನ್ನೇ ಕೊಂಡಮೇಲೆ ಬೇಲಿ ಬಿತ್ತು. ಸಿನಿಮಾ ವಿಮರ್ಶೆಗೂ ಮಾಧ್ಯಮ ಅಧ್ಯಯನಕ್ಕೂ ಇರುವ ಅಂತರ ಏನೆಂದು ಯಾರಾದರೂ ಕೇಳಿದರೆ ನಾನು ಈ ಬಾವಿಯ ಕಥೆ ಹೇಳುತ್ತೇನೆ.

ಹಾಗಾದರೆ ಇದೆಲ್ಲ ಬರೀ ವ್ಯಾಪಾರವೇ? ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2019ರಲ್ಲಿ ಇವು ಸಿನಿಮಾವೇ ಅಲ್ಲ, ಮನರಂಜನಾ ಪಾರ್ಕುಗಳಿದ್ದಂತೆ ಎಂದರು. ದೊಡ್ಡವರ ಮಾತು, ಅದರಲ್ಲಿ ಹುರುಳಿದೆ. ಆದರೂ ನಾನು ಪೂರ್ತಿ ಒಪ್ಪಲಾರೆ. ಒಪ್ಪಂದ ಗಟ್ಟಿಯಿದ್ದಾಗಲೇ ಅದನ್ನು ಮುರಿದರೆ ಸದ್ದಾಗುವುದು. 2018ರ ‘ಬ್ಲ್ಯಾಕ್ ಪ್ಯಾಂಥರ್’ನಲ್ಲಿ ನಿರ್ದೇಶಕ ರಯಾನ್ ಕೂಗ್ಲರ್ ಆಫ್ರಿಕಾದಲ್ಲಿ ಯಾರ ವಸಾಹತೂ ಆಗದ ಒಂದು ಕಲ್ಪಿತ ರಾಜ್ಯವನ್ನು ಕಟ್ಟಿದರು. ಈ ಪ್ರಕಾರದಿಂದ ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ಚಿತ್ರ ಅದು. ಅದರ ಉಡುಪುಗಳಿಗಾಗಿ ರೂತ್ ಕಾರ್ಟರ್ ಆಸ್ಕರ್ ಪಡೆದರು. ಉಡುಪೇ ಗುರುತಾದ ಪ್ರಕಾರದಲ್ಲಿ ಯಾರ ನೇಯ್ಗೆ, ಯಾರ ಮಣಿಸರ, ಯಾರ ತಲೆಗೂದಲು ಅಂದವೆನಿಸಿಕೊಳ್ಳುತ್ತದೆ ಎಂಬುದು ಸಣ್ಣ ಮಾತಲ್ಲ.

ಪ್ರಕಾರ ಊರು ಬಿಟ್ಟು ಊರಿಗೆ ಬಂದಾಗ ಇನ್ನೂ ಸೊಗಸು. 2021ರ ಮಲಯಾಳ ಚಿತ್ರ ‘ಮಿನ್ನಲ್ ಮುರಳಿ’ಯಲ್ಲಿ ಸಿಡಿಲು ಬಡಿದು ಶಕ್ತಿ ಪಡೆಯುವವನು ಹಳ್ಳಿಯ ಒಬ್ಬ ದರ್ಜಿ. ಸೂಪರ್‌ಹೀರೊಗೆ ಬಟ್ಟೆ ಹೊಲಿದು ಕೊಡುವವರು ಯಾರು ಎಂದು ಬಾಲ್ಯದಲ್ಲಿ ನಾವೆಲ್ಲ ತಲೆಕೆಡಿಸಿಕೊಂಡದ್ದಕ್ಕೆ ನಿರ್ದೇಶಕ ಬೇಸಿಲ್ ಜೋಸೆಫ್ ಉತ್ತರ ಕೊಟ್ಟರು. 2025ರ ‘ಲೋಕಾ’ ಕೇರಳದ ಯಕ್ಷಿಯ ಕಥೆಯನ್ನು ಎತ್ತಿಕೊಂಡು ನಮ್ಮ ಬೆಂಗಳೂರಿಗೆ ತಂದು ನಿಲ್ಲಿಸಿತು. ಊರಿನವರು ಹೆದರಿ ಮೊಳೆ ಹೊಡೆಯುತ್ತಿದ್ದ ಹೆಣ್ಣು ಇಲ್ಲಿ ಕಾಯುವವಳು. ರಾತ್ರಿ ಪಾಳಿಯ ಬೆಂಗಳೂರು ಅವಳ ಅಜ್ಞಾತವಾಸಕ್ಕೆ ಹೇಳಿ ಮಾಡಿಸಿದ ವಿರಾಟನಗರ. ಪ್ರಕಾರಗಳ ಈ ವಲಸೆ ಹೊಸದೇನಲ್ಲ. ಜೇಮ್ಸ್ ಬಾಂಡ್ ಚಿತ್ರಗಳ ಪ್ರಕಾರವೂ 1968ರಲ್ಲೇ ‘ಜೇಡರ ಬಲೆ’ಯಾಗಿ, ರಾಜಕುಮಾರರ ಸಿಐಡಿ 999 ಆಗಿ ಕನ್ನಡಕ್ಕೆ ಬಂದದ್ದನ್ನು ಹಿರಿಯರು ನೆನೆಯಬಹುದು.

ಕೊನೆಗೆ ಆ ಹುಡುಗಿಯ ಮಾತಿಗೆ ಮರಳುತ್ತೇನೆ. ಈ ಪ್ರಕಾರ ಮುಗಿಯಲು ಪ್ರಯತ್ನಿಸಲೇ ಇಲ್ಲವೆಂದಲ್ಲ. 1992ರಲ್ಲಿ ಕಾಮಿಕ್ಸ್‌ನ ಸೂಪರ್‌ಮ್ಯಾನ್ ಸತ್ತ, ಆ ಸಂಚಿಕೆ ಲಕ್ಷಗಟ್ಟಲೆ ಮಾರಾಟವಾಯಿತು, ಮರುವರ್ಷ ಎದ್ದುಬಂದ. 2017ರ ‘ಲೋಗನ್’ ಚಿತ್ರದಲ್ಲಿ ವುಲ್ವರಿನ್ ಮುದುಕನಾಗಿ, ಬಳಲಿ, ನಿಜವಾದ ಸಾವು ಸತ್ತ. ನೋಡಿದವರ ಕಣ್ಣು ಒದ್ದೆಯಾದವು. 2024ರ ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ ಚಿತ್ರದ ಆರಂಭದಲ್ಲೇ ಡೆಡ್‌ಪೂಲ್ ಅವನ ಗೋರಿ ಅಗೆದು ಮೂಳೆಗಳನ್ನು ಎತ್ತಿ ಅವುಗಳಿಂದಲೇ ಹೊಡೆದಾಡುತ್ತಾನೆ, ವುಲ್ವರಿನ್ ಪಾತ್ರದ ನಟ ಹ್ಯೂ ಜಾಕ್‌ಮನ್ ಮತ್ತೆ ಹಾಜರು. 2019ರಲ್ಲಿ ಐರನ್ ಮ್ಯಾನ್ ಸತ್ತ, ಆ ಪಾತ್ರ ಮಾಡಿದ್ದ ನಟ ಬೇರೊಂದು ಮುಖವಾಡದಲ್ಲಿ, ಖಳನಾಗಿ ಮರಳುತ್ತಾನೆಂದು 2024ರಲ್ಲಿ ಪ್ರಕಟಣೆ ಬಂತು. ತನ್ನ ಸತ್ತವರನ್ನು ಮಲಗಲು ಬಿಡದ ಪ್ರಕಾರ ಇದು. ಇದನ್ನು ಒಬ್ಬ ವಿದ್ಯಾರ್ಥಿ ನೋಡುತ್ತಲೇ ಕಂಡುಕೊಂಡರೆ, ನಾಳೆ ಧಾರಾವಾಹಿಯಲ್ಲೂ ಸುದ್ದಿವಾಹಿನಿಯಲ್ಲೂ ಚುನಾವಣೆಯ ಪ್ರಚಾರದಲ್ಲೂ ಯಾವ ಕಥೆಯನ್ನು ಯಾರು, ಯಾರ ಲಾಭಕ್ಕೆ ಮುಗಿಯಗೊಡುತ್ತಿಲ್ಲ ಎಂದು ಕೇಳುತ್ತಾನೆ. ಸ್ಟಾಫ್ ರೂಮಿನ ಹಿರಿಯರಿಗೆ ನನ್ನ ಉತ್ತರ ಇಷ್ಟೇ. ಸಂಬಳ ತೆಗೆದುಕೊಳ್ಳುವುದು ಆ ಪ್ರಶ್ನೆಯನ್ನು ಕಲಿಸಲಿಕ್ಕೆ.

ಕೇಳುಗರಲ್ಲಿ ನನ್ನದೊಂದು ವಿನಂತಿ. 2008ರಲ್ಲಿ ‘ಐರನ್ ಮ್ಯಾನ್’ ಹೆಸರುಗಳೆಲ್ಲ ಸರಿದುಹೋದ ಮೇಲೆ ಪುಟ್ಟದೊಂದು ದೃಶ್ಯ ಇಟ್ಟು, ಜನ ಎದ್ದುಹೋಗದೆ ಕೂತಿರುವ ರೂಢಿ ಮಾಡಿಸಿತು. ಮುಂದಿನ ಸಲ ಮಕ್ಕಳೊಂದಿಗೆ ಇಂಥ ಚಿತ್ರಕ್ಕೆ ಹೋದಾಗ, ಆ ದೃಶ್ಯಕ್ಕಾಗಿ ಕಾಯುವ ಹೊತ್ತಿನಲ್ಲಿ ತೆರೆಯ ಮೇಲೆ ಸರಿಯುವ ಹೆಸರುಗಳನ್ನೂ ಓದಿ. ಸೂಪರ್‌ಮ್ಯಾನ್ ಚಿತ್ರವಾದರೆ ಸೀಗೆಲ್ ಮತ್ತು ಶುಸ್ಟರ್ ಎಂಬ ಹೆಸರು ಹುಡುಕಿ. ದಶಕಗಳ ಕಾಲ ತಾವು ಹಡೆದವನ ಪಕ್ಕದಲ್ಲಿ ತಮ್ಮ ಹೆಸರಿಲ್ಲದೆ ಬದುಕಿದ ಅವರಿಗೆ, 1978ರ ಆ ದೊಡ್ಡ ಚಿತ್ರ ತಯಾರಾಗುತ್ತಿದ್ದ ಹೊತ್ತಿನಲ್ಲಿ, 1975ರಲ್ಲಿ ಕಂಪನಿ ಹೆಸರನ್ನು ಮರಳಿಸಿ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಗೊತ್ತುಮಾಡಿತು. ಅವರು 1938ರಲ್ಲಿ ಪಡೆದ ಆ ಹಳೆಯ ಚೆಕ್ಕಿನ ಕಾಗದ ಮಾತ್ರ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ಅಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.